ಕಾಶಿಗೆ ಹೋದ್ರ ಗುಡಿ ಮುಂದ ಇಳೀಬ್ಯಾಡ್ರಿ, ಹೊಳಿ ಮುಂದ ಇಳೀರಿ

ದೀಪಾವಳಿ ಮುಗೀತಂದ್ರ ನಮ್ಮ ಕಡೆ ಮನಿಮನ್ಯಾಗ ಕಾಶಿ ಮಾತು ಶುರು ಆಗ್ತದ. ಯಾರ ಮಗಾ ಟಿಕೀಟ ತಗಸಿದಾ, ಯಾರ ಬೀಗರು ಗಂಗಾಥಾಲಿ ತಂದ್ರು, ಯಾರು ಯಾವ ಕಾಯಿಪಲ್ಯಾ ಬಿಟ್ಟು ಬಂದ್ರು, ಎಲ್ಲಾ ಮಾತಾಡ್ತೇವಿ. ಇಷ್ಟ ಮಾತಿನೊಳಗ ಒಂದು ಸಲಹೆ ಮಾತ್ರ ಎಲ್ಲಾರೂ ಕಣ್ಣು ಮುಚ್ಚಿ ಕೊಡ್ತಾರ. "ರೂಮು ಮಾತ್ರ ವಿಶ್ವನಾಥನ ಗುಡಿ ಬಾಜೂಕ ಹಿಡೀರಿ, ಎಲ್ಲಾ ಹತ್ತರ ಆಗ್ತದ."

ಈ ಮಾತಿಗೆ ನನ್ನ ವಿರೋಧ ಅದ. ಅರ್ಧಾ ಅಲ್ಲಾ, ಪೂರಾ ವಿರೋಧ. ಕಾಶಿಗೆ ಹೋಗೋ ಹೆಣ್ಣಮಕ್ಕಳು, ಅದರಾಗೂ ಮೊಣಕಾಲು ಹಿಡದ ವಯಸ್ಸಿನವರು, ಗುಡಿ ಸುತ್ತಿನ ಆ ಗದ್ಲದೊಳಗ ಇಳೀಬಾರದು. ದಕ್ಷಿಣದ ಕಡೆ, ಅಸಿ ಘಾಟಿನಿಂದ ಕೇದಾರ ಘಾಟಿನ ತನಕಾ ಹೊಳಿ ದಂಡಿಗುಂಟ ಇರೋ ನಿವಾಂತ ಓಣಿಯೊಳಗ ಇಳೀಬೇಕು. ಯಾಕಂತ ಹೇಳ್ತೇನಿ, ಪೂರಾ ಓದಿ ಆಮ್ಯಾಲೆ ಬೈರಿ.

ಮೊದಲ, ಈ "ಹತ್ತರ" ಅನ್ನೋ ಶಬ್ದಾ ನೋಡೋಣ. ಯಾವುದಕ್ಕ ಹತ್ತರ? ಯಾರಿಗೆ ಹತ್ತರ? ಮೊಬೈಲ್ ನಕಾಶೆಯೊಳಗ ಲಾಡ್ಜು ಮತ್ತ ಗುಡಿ ನಡುವ ಮುನ್ನೂರು ಮೀಟರ್ ಅಂತ ತೋರಸ್ತದ, ಖರೆ. ಆದ್ರ ಗೋದೌಲಿಯಾ ಚೌಕದ ಹತ್ತರ ಬಂದ್ರ ಗಾಡಿ ಮುಂದ ಬಿಡೂದಿಲ್ಲಾ. ಹಬ್ಬ-ಹುಣ್ಣಿವಿ ಇತ್ತಂದ್ರ ಅದಕ್ಕೂ ಎಷ್ಟೋ ಮೊದಲ ತಡೀತಾರ. ಅಲ್ಲಿಂದ ಬ್ಯಾಗು ಹೊತ್ತು, ಚೀಲಾ ಹಿಡದು, ಮುದಕರ ರಟ್ಟಿ ಹಿಡದು, ಮ್ಯಾಲಿಂದ ಮೋಟರಸೈಕಲ್ಲಿನ ಹಾರ್ನು ಕೇಳಕೋತ, ಸಗಣಿ ತುಳೀಧಂಗ ಕಾಲು ಎತ್ತಿ ಇಡಕೋತ ಸಂದಿಗೊಂದಿಯೊಳಗ ನಡೀಬೇಕು. ಎದರಿಗೆ ಒಂದು ಗೂಳಿ ಬಂತಂದ್ರ ಎಲ್ಲಾರೂ ಗ್ವಾಡಿಗೆ ಹತ್ತಿ ನಿಲ್ಲಬೇಕು. ಆ ಮುನ್ನೂರು ಮೀಟರ್ ನಮ್ಮ ಅತ್ತಿಯವರ ವಯಸ್ಸಿನವರಿಗೆ ಮೂರು ಮೈಲು ಆಗ್ತದ. ನಕಾಶೆಗೆ ಮೊಣಕಾಲು ಇರೂದಿಲ್ಲಾ, ನಮಗ ಇರ್ತಾವ.

ಎರಡನೇದು, ಲೆಕ್ಕಾ. ನಾವು ಹೆಣ್ಣಮಕ್ಕಳು ದಿನಾ ಹಾಲಿನ ಲೆಕ್ಕಾ ಬರಿಯೋರು, ಇದನ್ನೂ ಬರದು ನೋಡೋಣ. ಮೂರು ದಿವಸ ಕಾಶಿಯೊಳಗ ಇದ್ರ ವಿಶ್ವನಾಥನ ಗುಡಿಗೆ ಎಷ್ಟು ಸಲಾ ಹೋಗ್ತೀರಿ? ಒಂದು ಸಲಾ, ಭಕ್ತಿ ಭಾಳ ಇದ್ರ ಎರಡು ಸಲಾ. ಅದ ಮೂರು ದಿವಸದೊಳಗ ಬಚ್ಚಲಿಗೆ ಎಷ್ಟು ಸಲಾ ಹೋಗ್ತೀರಿ? ಹಾಸಿಗಿ ಮ್ಯಾಲೆ ಎಷ್ಟು ತಾಸು ಇರ್ತೀರಿ? ತೊಯ್ಸಿಕೊಂಡ ಸೀರಿ ಎಲ್ಲೆ ಒಣಗಹಾಕ್ತೀರಿ? ಗುಳಿಗಿ ತಗೊಳ್ಳಿಕ್ಕೆ ಬಿಸಿನೀರು ಎಲ್ಲೆ ಸಿಗ್ತದ? ಇಳಕೊಳ್ಳೋ ಜಾಗಾ ಆರಸೋದು ಒಂದು ಸಲಾ ಮಾಡೋ ಕೆಲಸಕ್ಕ ಅಲ್ಲಾ, ಹತ್ತು ಸಲಾ ಮಾಡೋ ಕೆಲಸಕ್ಕ. ಅಡಗಿಮನಿ ಕಟ್ಟೋವಾಗ ವರ್ಷಕ್ಕೊಮ್ಮೆ ಹೋಳಗಿ ಮಾಡೋ ಪರಾತ ಮುಂದ ಇಟ್ಟು, ದಿನಾ ಬೇಕಾಗೋ ಉಪ್ಪಿನ ಡಬ್ಬಿ ಅಟ್ಟದ ಮ್ಯಾಲೆ ಇಡ್ತೀರೇನ್ರಿ?

ಈ ಸಲಹೆ ಕೊಡೋರು ಯಾರು ಅನ್ನೋದನ್ನೂ ನೋಡ್ರಿ. ಬಹುಶಃ ಮನಿ ಗಂಡಸರು. ಅವರ ಕಾಶಿ ಹೆಂಗಿರ್ತದಂದ್ರ, ಹೊಳ್ಯಾಗ ಮುಳಗೋದು, ದರ್ಶನಾ, ಊಟಾ, ನಿದ್ದಿ, ಮರುದಿವಸ ಗಾಡಿ ಮಾಡಿ ಪ್ರಯಾಗ. "ಆತು, ಕಾಶಿ ಮುಗೀತು" ಅಂತಾರ. ಕಾಶಿ ಏನು ಆಫೀಸಿನ ಫೈಲೇನ್ರಿ, ಮುಗಿಸಿ ಕಟ್ಟಿ ಇಡಲಿಕ್ಕೆ? ಅವರು ಮಲಗಿದಾಗ ಹಸೀ ಅರಿವಿ ಹಿಂಡೋರು ನಾವು, ಮುದಕರನ್ನ ರಾತ್ರಿ ಎಬ್ಬಿಸಿ ಸಂಡಾಸಿಗೆ ಕರಕೊಂಡು ಹೋಗೋರು ನಾವು, ಪ್ರಸಾದ, ಕಾಶಿದಾರ, ಊರವರಿಗೆ ಹಂಚೋ ಸಾಮಾನು ಲೆಕ್ಕಾ ಹಾಕಿ ಗಂಟು ಕಟ್ಟೋರು ನಾವು. ಹಿಂಗಿದ್ದಾಗ ರೂಮು ಎಲ್ಲೆ ಅನ್ನೋದನ್ನ ಮಾತ್ರ ನಮ್ಮನ್ನ ಕೇಳದ ಠರಾಯಿಸ್ತಾರ. ಯಾಕ?

ಈಗ ಧರ್ಮದ ಮಾತಿಗೆ ಬರೋಣ. ಯಾಕಂದ್ರ ನಾ ಹಿಂಗಂದ್ರ "ನೀವು ದೇವರನ್ನ ಬಿಟ್ಟು ಗಾಳಿ ಕುಡೀಲಿಕ್ಕೆ ಹೊಂಟೀರೇನು" ಅಂತ ಕೇಳೋರು ಇರ್ತಾರ. ಅವರಿಗೆ ನನ್ನ ಉತ್ತರ ಇದು. ವಾರಾಣಸಿ ಅನ್ನೋ ಹೆಸರಿಗೆ ಹಿರಿಯರು ಹೇಳೋ ಅರ್ಥಾನ, ವರಣಾ ಮತ್ತ ಅಸಿ ಎರಡರ ನಡುವಿನ ಊರು ಅಂತ. ಉತ್ತರಕ್ಕ ವರಣಾ, ದಕ್ಷಿಣಕ್ಕ ಅಸಿ. ನಡುವ 84 ಘಾಟು. ಪಂಚತೀರ್ಥಯಾತ್ರೆ ಅಂತ ಮಾಡ್ತಾರಲ್ಲಾ, ಅದು ಎಲ್ಲಿಂದ ಶುರು ಆಗ್ತದ? ಅಸಿಯಿಂದನ. ಅಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಕಡೀಕ ಮಣಿಕರ್ಣಿಕಾ. ಅಂದ ಮ್ಯಾಲೆ ಅಸಿಯೊಳಗ ಇಳದವರು ಕಾಶಿ ಹೊರಗ ಇಳದಂಗ ಅಲ್ಲಾ, ಕಾಶಿ ಹೊಸ್ತಿಲಾ ದಾಟಿ ಬಲಗಾಲು ಇಟ್ಟಂಗ.

ಇನ್ನೊಂದು. ಹಿಂದಿನವರು ಕಾಶಿಯನ್ನ ಮೂರು ಖಂಡ ಮಾಡ್ಯಾರ: ಉತ್ತರಕ್ಕ ಓಂಕಾರ ಖಂಡ, ನಡುವ ವಿಶ್ವೇಶ್ವರ ಖಂಡ, ದಕ್ಷಿಣಕ್ಕ ಕೇದಾರ ಖಂಡ. ಕೇದಾರ ಘಾಟಿನ ಮ್ಯಾಲೆ ಗೌರೀ ಕೇದಾರೇಶ್ವರನ ಗುಡಿ ಅದ. ಹಿಮಾಲಯದ ಕೇದಾರಕ್ಕ ಹತ್ತಲಿಕ್ಕೆ ಆಗದವರು ಇಲ್ಲೆ ದರ್ಶನಾ ಮಾಡಿದ್ರ ನಡೀತದಂತ ನಂಬಿಕಿ. ಅಂದ್ರ ದಕ್ಷಿಣದ ಕಡೆ ಬರೇ ಗಾಳಿ ಇಲ್ರೀ, ದೇವರೂ ಇದ್ದಾನ. ವಿಶ್ವನಾಥ ಒಬ್ಬನ ಕಾಶಿಯೊಳಗ ಇದ್ದಾನ ಅಂತ ತಿಳಕೊಂಡವರಿಗೆ ಕಾಶಿ ತಿಳದಿಲ್ಲಾ.

ಅಸಿ ಸುತ್ತಮುತ್ತ ಏನೇನದ ಅಂತ ಕೇಳ್ರಿ. ಬಾಜೂಕನ ತುಲಸೀ ಘಾಟು. ತುಲಸೀದಾಸರು ಇದ್ದು, 1623 ರೊಳಗ ದೇಹಾ ಬಿಟ್ಟ ಜಾಗಾ ಅಂತಾರ. ಅಲ್ಲೇ ಮ್ಯಾಲೆ ಲೋಲಾರ್ಕ ಕುಂಡ, ಮಕ್ಕಳಾಗಲಿ ಅಂತ ಭಾದ್ರಪದದೊಳಗ ಗಂಡಾ ಹೆಂಡತಿ ಕೂಡಿ ಸ್ನಾನಾ ಮಾಡ್ತಾರ. ಭದೈನಿಯೊಳಗ ಝಾಂಸಿ ರಾಣಿ ಲಕ್ಷ್ಮೀಬಾಯಿ ಹುಟ್ಟಿದ ಜಾಗಾ ಅದ. ನಮ್ಮ ಸಾಲಿ ಪುಸ್ತಕದೊಳಗ ಕುದುರಿ ಮ್ಯಾಲೆ ಕೂತ ಚಿತ್ರಾ ನೋಡಿದ್ದೆವಲ್ಲಾ, ಆಕೀನ. ಕಿತ್ತೂರ ಚೆನ್ನಮ್ಮನ ನಾಡಿನವರಾದ ನಾವು ಅಲ್ಲಿಗೆ ಹೋಗದ ಬಂದ್ರ ಹೆಂಗ? ರಿಕ್ಷಾ ಹಿಡದು ಸ್ವಲ್ಪ ದೂರ ಹೋದ್ರ ಕೆಂಪು ಬಣ್ಣದ ದುರ್ಗಾಕುಂಡ ಗುಡಿ, ತುಲಸೀ ಮಾನಸ ಮಂದಿರ, ಸಂಕಟಮೋಚನ ಹನುಮಪ್ಪ. ಅದರಾಚೆ ಲಂಕಾ ಅನ್ನೋ ಚೌಕ, ಮಾಲವೀಯರು 1916 ರೊಳಗ ಕಟ್ಟಿಸಿದ ವಿಶ್ವವಿದ್ಯಾಲಯ. ಅದರ ಒಳಗ ದೊಡ್ಡ ಗಿಡದ ನೆರಳು, ಅಗಲ ರಸ್ತೆ, ಹೊಸಾ ವಿಶ್ವನಾಥ ಮಂದಿರ. ಅಲ್ಲೆ ಮುದಕರು ನೂಕಿಸಿಕೊಳ್ಳದ ದರ್ಶನಾ ಮಾಡಬಹುದು.

ನಮ್ಮ ಮಂದಿಗೆ ಬೇಕಾದ್ದು ಇನ್ನೊಂದು ಅದ. ಹನುಮಾನ ಘಾಟು, ಕೇದಾರ ಘಾಟಿನ ಓಣಿಯೊಳಗ ದಕ್ಷಿಣದ ಕಡೆ ಮಂದಿ ತಲತಲಾಂತರದಿಂದ ಇದ್ದಾರ. ಹನುಮಾನ ಘಾಟಿನ ಬಾಜೂಕನ ಕರ್ನಾಟಕ ಘಾಟು, ಹಿಂದ ಮೈಸೂರು ಘಾಟು ಅಂತಿದ್ರು. ನಮ್ಮ ರಾಜ್ಯದ ಛತ್ರಾನೂ ಅಲ್ಲೇ. ಅಷ್ಟು ದೂರದ ಊರಾಗ ಕನ್ನಡದಾಗ ಬರದ ಬೋರ್ಡು ಕಂಡ್ರ ಎದಿ ಹೆಂಗ ತಂಪಾಗ್ತದ ಅಂತ ಹೋದವರನ್ನ ಕೇಳ್ರಿ. ನಮ್ಮ ಹಿರಿಯರು ಕಾಶಿಗೆ ನಡಕೋತ ಬಂದ ಕಾಲಕ್ಕೂ ದಕ್ಷಿಣದವರು ಇಳೀತಿದ್ದದ್ದು ಈ ಕಡೇನ. ಗುಡಿ ಬಾಜೂಕ ಲಾಡ್ಜು ಹಿಡಿಯೋ ಶಾಸ್ತ್ರ ಶುರು ಆದದ್ದು ನಮ್ಮ ಕಾಲದೊಳಗ, ಗಡಿಬಿಡಿ ಕಾಲದೊಳಗ.

ಇಷ್ಟಾದ ಮ್ಯಾಲೆ ಹೊಳಿ ಮಾತು. ಕಾಶಿಯೊಳಗ ಗಂಗವ್ವ ಉತ್ತರಕ್ಕ ಹರೀತಾಳ. ಘಾಟುಗಳೆಲ್ಲಾ ಪಶ್ಚಿಮ ದಂಡಿಯೊಳಗ, ಪೂರ್ವಕ್ಕ ಮುಖಾ ಮಾಡಿ ಕೂತಾವ. ಎದರಿನ ದಂಡಿಗೆ ಊರಿಲ್ಲಾ, ಬಿಲ್ಡಿಂಗ ಇಲ್ಲಾ, ಬರೇ ಉಸುಕು. ಹಿಂಗಾಗಿ ಸೂರ್ಯಾ ನೀರಿನಿಂದನ ಎದ್ದು ಬಂದಂಗ ಕಾಣ್ತದ. ಇದನ್ನ ನೋಡಲಿಕ್ಕೆ ಟಿಕೀಟ ಇಲ್ಲಾ, ಪಾಳಿ ಇಲ್ಲಾ, ಮೊಬೈಲು ಲಾಕರಿನೊಳಗ ಇಡೋ ಕೆಲಸಾ ಇಲ್ಲಾ. ಆದ್ರ ಒಂದು ಶರತ್ತು ಅದ: ಎದ್ದ ಕೂಡಲೆ ಹತ್ತು ಹೆಜ್ಜಿಗೆ ಹೊಳಿ ಇರಬೇಕು. ಸಂದಿಯೊಳಗಿನ ಲಾಡ್ಜಿನಿಂದ ಎದ್ದು, ಎಲ್ಲಾರನ್ನೂ ಎಬ್ಬಿಸಿ, ಚಪ್ಪಲಿ ಹುಡಕಿ, ಘಾಟು ಮುಟ್ಟೋದರಾಗ ಬಿಸಲು ನೆತ್ತಿಗೆ ಬಂದಿರ್ತದ.

ನಮ್ಮ ಮೌಶಿಯವರ ಸುದ್ದಿ ಹೇಳ್ತೇನಿ. ವಯಸ್ಸು 74. ಹದಿನೇಳನೇ ವರ್ಷಕ್ಕ ಒಲಿ ಮುಂದ ಕೂತವರು, ಇವತ್ತಿನ ತನಕಾ ಮುಂಜಾನೆ ಐದಕ್ಕ ಎದ್ದು ಒಲಿ ಹಚ್ಚಿದವರು. ಮೂರು ವರ್ಷದ ಹಿಂದ ನಾವು ನಾಲ್ಕು ಮಂದಿ ಹೆಣ್ಣಮಕ್ಕಳು ಶಿವಾಲಾ ಕಡೆ ಒಂದು ಓಣಿಯೊಳಗ ಇಳದಿದ್ವಿ. ದಿನಾ ಐದಕ್ಕ ಎದ್ದು ಅವರು ತಾವ ಹೋಗಿ ಪಾವಟಗಿ ಮ್ಯಾಲೆ ಕೂಡತಿದ್ರು. ಏಳರ ತನಕಾ ಸುಮ್ಮನ. ಜಪಾನೂ ಇಲ್ಲಾ, ಮಾತೂ ಇಲ್ಲಾ. ಊರಿಂದ ನಮ್ಮ ಭಾವಜಿಯವರು ತಾಸಿಗೊಮ್ಮೆ ಫೋನ್ ಮಾಡಿ "ದರ್ಶನಾ ಆತೇನು, ದರ್ಶನಾ ಆತೇನು" ಅಂತ ಕೇಳ್ತಿದ್ರು. ಮೌಶಿ ಎರಡನೇ ದಿವಸ ಫೋನ್ ಇಸಕೊಂಡು ಅಂದ್ರು: "ಆಗ್ಲಿಕ್ಕೆ ಹತ್ತೇದ ಇಡಪಾ, ನಡುವ ಮಾತಾಡಸಬ್ಯಾಡ." ಐವತ್ತೇಳು ವರ್ಷದಾಗ ಆಕಿ ಮುಂಜಾನೆ ಎರಡು ತಾಸು ಯಾರಿಗೂ ಏನೂ ಬಡಸದ ಕೂತದ್ದು ಅದ ಮೊದಲು. ಇದು ದರ್ಶನಾ ಅಲ್ಲಂದ್ರ ಯಾವುದು ದರ್ಶನಾ? ನಾಲ್ಕು ತಾಸು ಪಾಳಿಯೊಳಗ ನಿಂತು, "ಚಲೋ ಮಾತಾಜಿ, ಚಲೋ" ಅಂತ ನೂಕಿಸಿಕೊಂಡು, ಅರೆಗಳಿಗಿ ನೋಡಿದ್ದಷ್ಟ ದರ್ಶನಾನ?

ವಿಶ್ವನಾಥನ ದರ್ಶನಾ ಬ್ಯಾಡ ಅನ್ನಲಿಕ್ಕೆ ಹತ್ತಿಲ್ಲಾ, ಅಪಾರ್ಥ ಮಾಡಕೋಬ್ಯಾಡ್ರಿ. ಮಾಡಬೇಕು, ಅದಕ್ಕಂತನ ಹೋಗೋದು. ಅಹಲ್ಯಾಬಾಯಿ ಹೋಳ್ಕರರು 1780 ರೊಳಗ ಕಟ್ಟಿಸಿದ ಗುಡಿ ಅದು. ಮುರದು ಬಿದ್ದದ್ದನ್ನ ಮತ್ತ ಎಬ್ಬಿಸಿ ನಿಲ್ಲಿಸಿದಾಕಿ ಒಬ್ಬ ಹೆಣ್ಣಮಗಳು ಅನ್ನೋದನ್ನ ನಾವ ಮರೀಬಾರದು. ನಾ ಹೇಳೋದು ಇಷ್ಟ. ಅಸಿಯಿಂದ ಹೋಗಿ ದರ್ಶನಾ ಮಾಡಿಬರೋದು ಕಷ್ಟಾ ಅಲ್ಲಾ. ಘಾಟಿನಗುಂಟ ಅಸಿಯಿಂದ ದಶಾಶ್ವಮೇಧಕ್ಕ ಹೆಚ್ಚು ಕಡಿಮಿ ಮೂರು ಕಿಲೋಮೀಟರು. ಗಟ್ಟಿ ಇದ್ದವರು ಮುಕ್ಕಾಲು ತಾಸು, ಒಂದು ತಾಸಿನಾಗ ನಡೀತಾರ. ಆಗದವರಿಗೆ ನಾವಿ ಅದ. ಕಾರಿಡಾರ್ ಅಂತ ಮಾಡಿದ್ದು 2021 ರ ಡಿಸೆಂಬರ್ 13 ಕ್ಕ ತಗದ್ರಲ್ಲಾ, ಅದರಿಂದ ಲಲಿತಾ ಘಾಟಿನ ಕಡೆ ಹೊಳಿಯಿಂದನ ಮ್ಯಾಲೆ ಹತ್ತಿ ಗುಡಿ ಅಂಗಳಕ್ಕ ಹೋಗೋ ದಾರಿ ಆಗೇದ. ಪಾವಟಗಿ ಭಾಳ ಅವ, ಅದನ್ನ ಮೊದಲ ಹೇಳಿಬಿಡ್ತೇನಿ. ಹತ್ತಲಿಕ್ಕೆ ಆಗದವರು ಟೋಟೋ ಹಿಡದು ಭದೈನಿ, ಶಿವಾಲಾ, ಸೋನಾರಪುರಾ ಮ್ಯಾಲಿಂದ ಗೋದೌಲಿಯಾ ತನಕಾ ಹೋಗಬಹುದು.

ಅದ ದಾರಿಯೊಳಗ ಮದನಪುರಾ ಬರ್ತದ, ಬನಾರಸ ಸೀರಿ ನೇಯೋರ ಓಣಿ. 2009 ರೊಳಗ ಬನಾರಸ ಸೀರಿಗೆ ಭೌಗೋಳಿಕ ಗುರುತು ಸಿಕ್ಕೇದ, ನಮ್ಮ ಇಳಕಲ್ ಸೀರಿಗೆ ಇದ್ದಂಗ. ಗುಡಿ ಮುಂದಿನ ಲಾಡ್ಜಿನೊಳಗ ಇಳದ್ರ "ಬರ್ರಿ, ಫ್ಯಾಕ್ಟರಿ ತೋರಸ್ತೇನಿ" ಅಂತ ದಲಾಲರು ಬೆನ್ನು ಹತ್ತತಾರ. ಅವರ ಕಮಿಶನ್ ನಿಮ್ಮ ಸೀರಿ ಸೆರಗಿಗೇ ಕಟ್ಟಿರ್ತಾರ. ಬಿಡುವು ಇದ್ದಾಗ, ದಣಿದ ಇದ್ದಾಗ, ನಾಲ್ಕು ಕಡೆ ನೋಡಿ ತಗೊಳ್ಳೋ ಸೀರಿನ ಬ್ಯಾರೆ.

ಖರ್ಚಿನ ಮಾತು ಬಂದ ಬರ್ತದ. "ಹೊಳಿ ದಂಡಿಗೆ ಅಂದ್ರ ರೊಕ್ಕಾ ಭಾಳ." ಹೊಳಿ ಕಡೆ ಕಿಡಕಿ ಇರೋ ರೂಮಿಗೆ ಭಾಳ ಅದ, ಖರೆ. ಆದ್ರ ಕಿಡಕಿಯಿಂದ ಹೊಳಿ ನೋಡೋ ಚಟಾ ನಮಗ್ಯಾಕ? ಒಂದು ಓಣಿ ಹಿಂದಕ್ಕ ಹಿಡೀರಿ. ಭಾಡಗಿ ಕಡಿಮಿ, ಮಿಕಗಳ ಆರ್ಭಟಾ ಕಡಿಮಿ, ಛತ್ರಾ ಆಶ್ರಮಾ ಸಿಗ್ತಾವ. ಹೊಳಿ ಬೇಕಾದಾಗ ಎದ್ದು ಹೋಗೋದು. ಅಸಿ ಘಾಟಿನ ಮ್ಯಾಲೇನ ಇಳೀಬ್ಯಾಡ್ರಿ ಅಂತನೂ ಹೇಳ್ತೇನಿ. ಅಲ್ಲೆ ನಸುಕಿನೊಳಗ ಆರತಿ, ಸಂಗೀತಾ, ಯೋಗಾ ಅಂತ ಕಾರ್ಯಕ್ರಮ ಇರ್ತದ, ಮೈಕು ಇರ್ತದ. ಸಂಜೀಕೆ ಕಾಲೇಜ ಹುಡುಗೂರು ಚಾ ಕುಡೀಲಿಕ್ಕೆ ಬರ್ತಾರ. ಒಂದು ಮುಂಜಾನೆ ಹೋಗಿ ನೋಡಿಬರಲಿಕ್ಕೆ ಛಂದ. ಮಲಗಲಿಕ್ಕೆ ತುಲಸೀ ಘಾಟು, ಶಿವಾಲಾ, ಹನುಮಾನ ಘಾಟಿನ ಹಿಂದಿನ ಓಣಿ ಚಲೋ.

ನಾ ಹೇಳಿದ್ದು ಎಲ್ಲಾರಿಗೂ, ಎಲ್ಲಾ ಕಾಲಕ್ಕೂ ಅಲ್ಲಾ. ಅದನ್ನೂ ಸ್ವಚ್ಛ ಹೇಳಿಬಿಡ್ತೇನಿ, ಆಮ್ಯಾಲೆ ನನಗ ಅನ್ನಬಾರದು.

ವಿಶ್ವನಾಥನ ಮಂಗಳಾರತಿ ನಡುರಾತ್ರಿ ಸರದ ಮ್ಯಾಲೆ, ಮೂರು ಗಂಟೆ ಸುಮಾರಿಗೆ ಇರ್ತದ. ಅದನ್ನ ನೋಡಲಿಕ್ಕೇ ಬೇಕು ಅನ್ನೋರು ಒಂದು ರಾತ್ರಿ ಗುಡಿ ಕಡೆ ಇರ್ರಿ, ಉಳಿದ ರಾತ್ರಿ ಇತ್ತ ಬರ್ರಿ. ಗೋದೌಲಿಯಾ ಸನೇಕ ಇರೋ ಜಂಗಮವಾಡಿ ಮಠದೊಳಗ ಇಳಿಯೋ ನಮ್ಮ ಓಣಿಯ ಅಕ್ಕಗೋಳಿಗೆ ಈ ಮಾತು ಹತ್ತೂದಿಲ್ಲಾ. ಅದು ಅವರ ಗುರುಮನಿ, ಮಠದ ಅಂಗಳದಾಗ ಹೊಕ್ಕ ಮ್ಯಾಲೆ ಹೊರಗಿನ ಗದ್ಲ ಹೊರಗ.

ಶ್ರಾವಣ ಭಾದ್ರಪದದೊಳಗ ಹೊಳಿ ತುಂಬಿರ್ತದ. ಕೆಳಗಿನ ಪಾವಟಗಿ ಎಲ್ಲಾ ಮುಳಗತಾವ, ಒಂದು ಘಾಟಿನಿಂದ ಇನ್ನೊಂದಕ್ಕ ನಡಿಯೋ ದಾರಿ ಇರೂದಿಲ್ಲಾ, ನಾವಿ ಬಿಡೂದಿಲ್ಲಾ. ಪೂರ ಜಾಸ್ತಿ ಆದ್ರ ಅಸಿ ಕಡೆ ಓಣಿಗೂ ನೀರು ಬರ್ತದ. ಆವಾಗ ಹೋಗಬ್ಯಾಡ್ರಿ. ಡಿಸೆಂಬರ್ ಕಡೆ, ಜನವರಿಯೊಳಗ ಮಂಜು ಬಿದ್ದು ರೈಲು ತಡಾ ಆಗ್ತಾವ, ಹಿರಿಯರ ಎದಿಗೆ ಥಂಡಿ ಹಿಡೀತದ. ನವೆಂಬರ್ ಮತ್ತ ಫೆಬ್ರುವರಿ ಛಲೋ. ಕಾರ್ತಿಕ ಹುಣ್ಣಿವಿ ದೇವ ದೀಪಾವಳಿ ನೋಡಲಿಕ್ಕೆ ಸ್ವರ್ಗ, ಆದ್ರ ಅವತ್ತು ನಿವಾಂತ ಅನ್ನೋ ಶಬ್ದಾ ಕಾಶಿಯೊಳಗ ಎಲ್ಲೂ ಸಿಗೂದಿಲ್ಲಾ.

ಕೇದಾರ ಘಾಟಿನ ಇತ್ತಾಗ ಹರಿಶ್ಚಂದ್ರ ಘಾಟು ಬರ್ತದ. ಹಗಲೂ ರಾತ್ರಿ ಚಿತೆ ಉರೀತಿರ್ತಾವ. ರಾಜಕುಮಾರ ಅವರ ಸತ್ಯ ಹರಿಶ್ಚಂದ್ರ ಸಿನೆಮಾ ನೋಡಿ ಸೆರಗು ತೊಯ್ಯೋಹಂಗ ಅತ್ತವರು ನಾವು. ಆದ್ರ ಕಣ್ಣಾರೆ ನೋಡೋದು ಬ್ಯಾರೆ. ಮನಸ್ಸು ಮೆತ್ತಗ ಇದ್ದವರು, ಹೊಸದಾಗಿ ಮನ್ಯಾಗ ಯಾರನ್ನರ ಕಳಕೊಂಡವರು ಅದರ ತೀರಾ ಬಾಜೂಕ ರೂಮು ಹಿಡೀಬ್ಯಾಡ್ರಿ, ಶಿವಾಲಾ ಕಡೆ ಸರೀರಿ. ಇನ್ನ ಕೆಲವರಿಗೆ ಅದನ್ನ ದಿನಾ ನೋಡಿನ ಸಮಾಧಾನ ಆಗ್ತದ. ಅದು ಅವರವರ ಮನಸ್ಸು.

ಎರಡು ದಿವಸದೊಳಗ ಕಾಶಿ, ಪ್ರಯಾಗ, ಅಯೋಧ್ಯಾ ಮೂರೂ ನೋಡೋ ಗುಂಪಿನ ಯಾತ್ರಿಕರಿಗೂ ನಾ ಏನೂ ಅನ್ನೂದಿಲ್ಲಾ. ನಮ್ಮ ಸರಕಾರ 2022 ರ ನವೆಂಬರಿನೊಳಗ ಕಾಶಿ ರೈಲು ಬಿಟ್ಟು, ಒಬ್ಬರಿಗೆ 5,000 ರೂಪಾಯಿ ಸಹಾಯ ಕೊಟ್ಟದ್ದರಿಂದ ಎಂದೂ ಊರು ಬಿಡದಿದ್ದ ಎಷ್ಟೋ ಮಂದಿ ಗಂಗಾ ಕಂಡಾರ. ಅದು ದೊಡ್ಡ ಮಾತು. ಗುಂಪಿನೊಳಗ ಹೋದಾಗ ಅವರು ಇಳಿಸಿದಲ್ಲೆ ಇಳೀಬೇಕು. ನನ್ನ ಜಗಳಾ ಸ್ವಂತ ರೊಕ್ಕಾ ಹಾಕಿ, ಸ್ವಂತ ಟಿಕೀಟ ತಗಸಿ, ಆಮ್ಯಾಲೆ ಹೆಂಗಸರ ಯಾತ್ರಾನ ಗಂಡಸರ ಟೈಮ್ ಟೇಬಲ್ಲಿಗೆ ಕಟ್ಟೋ ಮನಿಗೋಳ ಜೋಡಿ.

ನಮ್ಮೊಳಗ ಎಷ್ಟು ಮಂದಿ ಕಾಶಿಗೆ ಎರಡನೇ ಸಲಾ ಹೋಗ್ತೀವಿ, ಹೇಳ್ರಿ? ಭಿಶಿ ರೊಕ್ಕಾ ಕೂಡಿಸಿ, ಮಕ್ಕಳ ಪರೀಕ್ಷಾ, ಸೊಸಿ ಬಾಣಂತನಾ, ಮನಿ ರಿಪೇರಿ ಎಲ್ಲಾ ಮುಗದು, ಮೊಣಕಾಲು ಇನ್ನೂ ನಡೀತಾವ ಅನ್ನೋದರಾಗ ಒಮ್ಮೆ ಹೋಗೋದು. ಆ ಒಂದು ಸಲಾನ ಪಾಳಿಯೊಳಗ ನಿಂತು, ಸಂದಿಯೊಳಗ ಉಸಿರುಗಟ್ಟಿ, ರಾತ್ರೆಲ್ಲಾ ಡೋರ್‌ಬೆಲ್ಲು ಹಾರ್ನು ಕೇಳಿ, "ಅಬ್ಬಾ, ಮನಿ ಮುಟ್ಟಿದ್ರ ಸಾಕಾಗೇದ" ಅನಕೋತ ತಿರುಗಿ ಬರಬೇಕೇನು? ಕಾಶಿಯಿಂದ ಬಂದವರ ಮಾರಿ ಮ್ಯಾಲೆ ದಣವು ಕಾಣಬಾರದು, ತಂಪು ಕಾಣಬೇಕು.

ಅದಕ್ಕ ಈ ಸಲಾ ಮನ್ಯಾಗ ರೂಮಿನ ಮಾತು ಬಂದಾಗ ಪಲ್ಯಾಕ್ಕ ವಗ್ಗರಣಿ ಹಾಕಕೋತ ಒಳಗ ನಿಲ್ಲಬ್ಯಾಡ್ರಿ. ಹೊರಗ ಬಂದು ನಾಲ್ಕು ಪ್ರಶ್ನೆ ಕೇಳ್ರಿ. ಗಾಡಿ ಬಾಗಲ ತನಕಾ ಬರ್ತದೇನು? ಎಷ್ಟು ಪಾವಟಗಿ ಹತ್ತಬೇಕು? ಸಂಡಾಸು ಕಮೋಡಿನದೇನು, ರೂಮಿನೊಳಗನ ಅದೇನು? ಮುಂಜಾನೆ ಐದಕ್ಕ ನಾ ಒಬ್ಬಾಕಿನ ಎದ್ದು ಹೊಳಿಗೆ ಹೋಗಬಹುದೇನು? ಈ ನಾಲ್ಕಕ್ಕ ಸರಿ ಉತ್ತರ ಸಿಕ್ಕ ಜಾಗಾನ ಗುಡಿಗೆ "ಹತ್ತರ" ಇರೋ ಜಾಗಾ. ಗುಡಿಯಿಂದ ಮೂರು ಕಿಲೋಮೀಟರ್ ಇದ್ರೂ ಸೈ.

"ನಿಮಗ್ಯಾಕ ಇದೆಲ್ಲಾ, ನಾವು ನೋಡ್ಕೋತೇವಿ" ಅಂತ ಅಂದ್ರ, ನಕ್ಕೋತ ಹೇಳ್ರಿ: "ನೀವು ಗುಡಿ ನೋಡ್ಕೋರಿ, ಹೊಳಿ ನಾವು ನೋಡ್ಕೋತೇವಿ."